ಬೆರಿಲಿಯಮ್ಮಿನ ಎರಡನೇ ಗುಡ್ಡ

ಶನಿವಾರ, ತಾರೀಖು ಹದಿನಾಲ್ಕು
ಪ್ರಯೋಗಾಲಯದಿಂದ

ಸ್ಪ್ಯಾನರ್ ಸಾಹೇಬರಿಗೆ,

ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಶುರು ಮಾಡುವ ಮನಸ್ಸಿಲ್ಲ, ಇಲ್ಲಿ ಯಾವುದೂ ನೆಟ್ಟಗಿಲ್ಲ. ಪಂಪು ಬೆಳಿಗ್ಗೆಯಿಂದ ನರಳುತ್ತಿದೆ. ಛೇಂಬರಿನ ಒತ್ತಡ ಇಳಿಯುವ ಹಾಗೆ ಮಾಡಿ ಮತ್ತೆ ಏರಿ ಕೂರುತ್ತಿದೆ. ಒಂದು ತಾಮ್ರದ ಗ್ಯಾಸ್ಕೆಟ್ ಕೊಡಿ ಎಂದು ಸ್ಟೋರಿನವರಿಗೆ ಎರಡು ತಿಂಗಳಿಂದ ಹೇಳುತ್ತಿದ್ದೇನೆ, ನೀವು ತುಂಬಿರುವುದು ಹಳದಿ ಫಾರಂ, ನಮಗೆ ಬೇಕಾದದ್ದು ಗುಲಾಬಿ ಎನ್ನುತ್ತಾರೆ. ಗುಲಾಬಿ ಫಾರಂ ಎಲ್ಲಿ ಸಿಗುತ್ತದೆ ಎಂದರೆ, ಅದು ಖಾಲಿಯಾಗಿದೆಯಂತೆ. ನೀವು ಇಲ್ಲಿಯ ವರ್ಕ್‌ಶಾಪಿನಲ್ಲಿದ್ದಾಗ ಇಂಥದ್ದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವಳೇ ಅಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ.

ಮೂರು ವರ್ಷದಿಂದ ನಾವಿಬ್ಬರೂ ಅತ್ತೆಯ ಫೋನಿನ ಮೂಲಕವೇ ಸಂಸಾರ ಮಾಡಿದ್ದೇವೆ. "ಅವಳಿಗೆ ಗ್ಯಾಸ್ ಬುಕ್ ಮಾಡೋಕೆ ಹೇಳಮ್ಮ", "ಅವರಿಗೆ ಇನ್ಶೂರೆನ್ಸ್ ಕಾಗದ ಕಳ್ಸೋಕೆ ಹೇಳಿ ಅತ್ತೆ", ಇಷ್ಟೇ. ಇವತ್ತು ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಾದರೆ ನೀವು ಮೂರು ಸಲ ಹ್ಞೂಂ ಎಂದು ಇಟ್ಟುಬಿಡುತ್ತೀರಿ, ನಾನು ಕಿರುಚಾಡುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ.

ವಿಷಯ ಇದು. ಸೋಮವಾರ ಹನ್ನೊಂದು ಗಂಟೆಗೆ ನಿರ್ದೇಶಕರ ಕೋಣೆಯಲ್ಲಿ ನಾನೊಂದು ಕಾಗದಕ್ಕೆ ಸಹಿ ಹಾಕಬೇಕು. ನನ್ನ ಆ ದೊಡ್ಡ ಲೇಖನ, ನನ್ನನ್ನು ಈ ವಿಭಾಗದ ಮುಖ್ಯಸ್ಥೆ ಮಾಡಿದ ಲೇಖನ, ತಪ್ಪು ಎಂದು ಒಪ್ಪಿಕೊಳ್ಳುವ ಕಾಗದ. ತಪ್ಪಿಗೆ ಕಾರಣ ಏನು ಎಂಬಲ್ಲಿ ಅವರು ಒಂದು ಸಾಲು ಬರೆಸಿದ್ದಾರೆ. "ಮಾದರಿಯನ್ನು ಹಿಡಿದಿಡುವ ಹೋಲ್ಡರ್‌ನ ತಯಾರಿಕೆಯಲ್ಲಿನ ದೋಷ." ಆ ಹೋಲ್ಡರ್ ತಯಾರಿಸಿದವರು ಯಾರು ಎಂದು ಈ ಕಟ್ಟಡದ ಕಾವಲುಗಾರನಿಗೂ ಗೊತ್ತು. ನಿಮ್ಮನ್ನು ಕೇಳದೆ ಹಾಕಬಾರದು ಎನಿಸಿತು, ಅದಕ್ಕೇ ಈ ಕಾಗದ.

ಮೊನ್ನೆ ಊಟಕ್ಕೆ ಕೂತಾಗ ಅತ್ತೆ, ಏನಾಯ್ತೇ ನಿಂಗೆ, ಮುಖ ಹೀಗ್ಯಾಕೆ ಊದಿಸ್ಕೊಂಡಿದ್ದೀಯ ಎಂದು ಬಿಡದೆ ಕೇಳಿದರು. ಹೇಳಲೇಬೇಕಾಯಿತು. ಬೆರಿಲಿಯಂ ಅಂತ ಒಂದು ಲೋಹ, ಬಹಳ ಹಗುರ, ಎಕ್ಸ್-ರೇ ಯಂತ್ರಗಳ ಕಿಟಕಿಗೆ ಹಾಕುತ್ತಾರೆ, ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಮನುಷ್ಯ ಉಳಿಯುವುದು ಕಷ್ಟ, ಅದಕ್ಕೇ ನಾವು ಕೈಯಲ್ಲಿ ಮುಟ್ಟುವುದಿಲ್ಲ ಎಂದೆ. ಅದರ ಒಂದು ಬಿಲ್ಲೆಯನ್ನು ಗಾಳಿಯೇ ಇಲ್ಲದ ಛೇಂಬರಿನಲ್ಲಿಟ್ಟು ಎಕ್ಸ್-ರೇ ಬಿಟ್ಟರೆ ಮೇಲ್ಮೈಯಿಂದ ಎಲೆಕ್ಟ್ರಾನುಗಳು ಚಿಮ್ಮಿ ಬರುತ್ತವೆ. ಯಾವುದು ಎಷ್ಟು ಜೋರಾಗಿ ಬಂತು ಎಂದು ಅಳೆದರೆ, ಅಲ್ಲಿ ಬರಿಯ ಲೋಹ ಇದೆಯೋ, ಆಕ್ಸೈಡ್ ಇದೆಯೋ, ಇನ್ನೇನಾದರೂ ಇದೆಯೋ ತಿಳಿಯುತ್ತದೆ. ಪರದೆಯ ಮೇಲೆ ಒಂದೊಂದಕ್ಕೂ ಒಂದೊಂದು ಪೀಕ್ ಏಳುತ್ತದೆ ಎಂದು ಕಾಗದದಲ್ಲಿ ಬಿಡಿಸಿ ತೋರಿಸಿದೆ. ಅತ್ತೆ ಕನ್ನಡಕ ಸರಿ ಮಾಡಿಕೊಂಡು, ಇದು ಗುಡ್ಡ ಅಲ್ವೇನೇ ಎಂದರು. ಗುಡ್ಡವೇ. ಲೋಹದ್ದು ನೂರಹನ್ನೊಂದು ಚಿಲ್ಲರೆ ಎಲೆಕ್ಟ್ರಾನ್ ವೋಲ್ಟಿನಲ್ಲಿ, ಆಕ್ಸೈಡಿನದು ನೂರಹದಿನಾಲ್ಕರ ಆಸುಪಾಸಿನಲ್ಲಿ. ಮೇಲ್ಗಡೆ ನಾಲ್ಕು ಪದರ ನೋಡಿ ಇಷ್ಟು ಮಾತಾಡ್ತೀರಲ್ಲ, ಒಳಗೇನಿದೆ ಅಂತ ಯಾರೂ ನೋಡಲ್ವಾ ಎಂದು ಕೇಳಿದರು. ನಿಮ್ಮ ತಾಯಿಯ ಹತ್ತಿರ ಗೆದ್ದವರು ಯಾರಿದ್ದಾರೆ!

ನಮ್ಮ ಬಿಲ್ಲೆಯ ಮೇಲೆ ದಪ್ಪ ಆಕ್ಸೈಡು ಬೆಳೆಸಿದ್ದೆವಲ್ಲ, ಅದರಲ್ಲಿ ನೂರಹದಿನಾಲ್ಕರ ಗುಡ್ಡ ಒಂದೇ ಬರಬೇಕಿತ್ತು. ಛೇಂಬರಿನೊಳಗೇ ಕಾಯಿಸಿ ನೋಡಿದ ಮೇಲೆ ಪಕ್ಕದಲ್ಲಿ, ಒಂದೂವರೆ ವೋಲ್ಟಿನಾಚೆ, ಎರಡನೆಯದು ಎದ್ದಿತು. ಹೈಡ್ರಾಕ್ಸೈಡ್ ಎಂದೆ ನಾನು. ಕಾಯಿಸಿದರೆ ನೀರಿನಂಶ ಹೋಗಬೇಕು, ನಮ್ಮಲ್ಲಿ ಬಂತು. ಒಳಗೆ ಅವಿತಿದ್ದದ್ದು ಮೇಲೆದ್ದು ಬಂತು ಎಂದು ಬರೆದೆ. ಅದೇ ಸುದ್ದಿಯಾಯಿತು. ಆಕ್ಸಿಜನ್ನಿನ ಗುಡ್ಡಕ್ಕೂ ಅಷ್ಟೇ ದೂರದಲ್ಲಿ ಒಂದು ಜೊತೆ ಎದ್ದಿತ್ತು, ಹೈಡ್ರಾಕ್ಸೈಡ್ ಇದ್ದರೆ ಎಲ್ಲಿ ಬರಬೇಕೋ ಸರಿಯಾಗಿ ಅಲ್ಲಿ. ಇಂಗಾಲದ ಗುಡ್ಡಕ್ಕೂ ಒಂದು ಭುಜ ಬೆಳೆದಿತ್ತು. ಅದು ಎಲ್ಲರ ಮಾದರಿಯಲ್ಲೂ ಇರುವ ಕೊಳೆ ಎಂದು ಬಿಟ್ಟೆ. ಮೂರು ಗುಡ್ಡಗಳೂ ಒಂದೇ ಅಳತೆಯಲ್ಲಿ ಒಡೆದಿದ್ದವು. ಮೊದಲ ವರ್ಷದ ವಿದ್ಯಾರ್ಥಿಗೂ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಖುಷಿ.

ಬೇರೆ ಕಡೆಯ ಒಬ್ಬರು ಎರಡು ಸಲ ಪ್ರಯತ್ನಿಸಿ, ನಮಗೆ ಎರಡನೇ ಗುಡ್ಡ ಬರುತ್ತಿಲ್ಲ ಎಂದು ವಿನಯದಿಂದ ಪತ್ರ ಬರೆದಿದ್ದರು. ನಿಮ್ಮ ಛೇಂಬರ್ ಸ್ವಚ್ಛವಿರಲಿಕ್ಕಿಲ್ಲ ಎಂದು ನಾನು ಅಷ್ಟೇ ವಿನಯದಿಂದ ಉತ್ತರ ಕೊಟ್ಟೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ. ಇನ್ನೊಂದು ಬಿಲ್ಲೆಯ ಮೇಲೆ ನಾನೇ ನೋಡಬಹುದಿತ್ತು. ಆದರೆ ಬೆರಿಲಿಯಮ್ಮಿನ ಎರಡನೇ ಬಿಲ್ಲೆಗೆ ಅನುಮತಿ ಸಿಗಬೇಕಾದರೆ ಎಷ್ಟು ಜನರ ಮುದ್ರೆ ಬೇಕು ಎಂದು ನಿಮಗೆ ಗೊತ್ತು. ಅರ್ಜಿ ಕೊಟ್ಟು ಎರಡು ವರ್ಷವಾಯಿತು. ಆ ಫೈಲು ಯಾರ ಮೇಜಿನ ಮೇಲೆ ನಿದ್ದೆ ಮಾಡುತ್ತಿದೆ ಎಂದು ಕೇಳುವುದನ್ನೂ ಬಿಟ್ಟಿದ್ದೇನೆ.

ಇದನ್ನು ಕಂಡುಹಿಡಿದವರು ಟೀಚರ್. ನೀವು ಹೋದ ಮೇಲೆ ಬಂದವರು. ಹನ್ನೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಇಬ್ಬರು ಮಕ್ಕಳನ್ನು ಸಾಕಿ, ನಲವತ್ತೊಂದನೇ ವಯಸ್ಸಿನಲ್ಲಿ ಸಂಶೋಧನೆಗೆ ಸೇರಿದವರು, ಅದಕ್ಕೇ ಎಲ್ಲರೂ ಟೀಚರ್ ಎನ್ನುತ್ತಾರೆ. ನನ್ನ ಕರಡುಗಳಿಗೂ ಕೆಂಪು ಪೆನ್ನು ಹಾಕುವ ಹೆಂಗಸು. ಅವರ ಎರಡು ವರ್ಷದ ಕೆಲಸವೆಲ್ಲ ಆ ಎರಡನೇ ಗುಡ್ಡದ ಮೇಲೆಯೇ ನಿಂತಿದೆ. ಮೇಲ್ಮೈ ಮೇಲೆ ಮೆಲ್ಲಗೆ ಎಲೆಕ್ಟ್ರಾನುಗಳನ್ನು ಚಿಮುಕಿಸುವ ಒಂದು ಗನ್ ಈ ವರ್ಷವಷ್ಟೇ ನಮಗೆ ಸಿಕ್ಕಿತು. ಗುರುವಾರ ಅದನ್ನು ಹಚ್ಚಿ ಅಳತೆ ಮಾಡುತ್ತಿದ್ದವರು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. "ಮೇಡಂ, ಎರಡನೇ ಗುಡ್ಡ ನಡೀತಾ ಇದೆ" ಎಂದರು.

ಹೋಗಿ ನೋಡಿದೆ. ಅವರು ಗನ್ನಿನ ಗುಂಡಿ ಒಂದಿಷ್ಟು ತಿರುಗಿಸಿದರೆ ಎರಡನೆಯದು ಮೊದಲನೆಯದರ ಕಡೆ ಜರುಗಿತು. ಇನ್ನಷ್ಟು ತಿರುಗಿಸಿದರೆ ಅದರೊಳಗೇ ಸೇರಿಕೊಂಡಿತು. ನಿಜವಾದ ಸಂಯುಕ್ತದ ಗುಡ್ಡ ಪಕ್ಕದ್ದನ್ನು ಬಿಟ್ಟು ತಾನೊಂದೇ ನಡೆದಾಡುವುದಿಲ್ಲ. ಆಕ್ಸೈಡ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಎಲೆಕ್ಟ್ರಾನುಗಳು ಹೊರಟುಹೋದ ಮೇಲೆ ಉಳಿಯುವ ಚಾರ್ಜು ಕ್ಲಿಪ್ಪುಗಳ ಮೂಲಕವೇ ಇಳಿದುಹೋಗಬೇಕು. ಎಡಕ್ಕೊಂದು, ಬಲಕ್ಕೊಂದು, ಇರುವುದು ಎರಡೇ ಕ್ಲಿಪ್ಪು. ಅದರಲ್ಲೊಂದು ಸಡಿಲವಾದರೆ ಬಿಲ್ಲೆಯ ಅರ್ಧದಲ್ಲಿ ಚಾರ್ಜು ಕೂತು, ಹೊರಡುವ ಎಲೆಕ್ಟ್ರಾನುಗಳನ್ನು ಹಿಂದಕ್ಕೆ ಜಗ್ಗುತ್ತದೆ. ಒಂದೇ ಆಕ್ಸೈಡು ಎರಡಾಗಿ ಕಾಣುತ್ತದೆ. ಗನ್ನಿನ ಎಲೆಕ್ಟ್ರಾನುಗಳು ಆ ಚಾರ್ಜನ್ನು ಅಳಿಸಿದರೆ ಮತ್ತೆ ಒಂದಾಗುತ್ತದೆ. ಮೂರು ವರ್ಷ ಎಲ್ಲರ ಬಾಯಲ್ಲಿದ್ದ ನನ್ನ ಹೈಡ್ರಾಕ್ಸೈಡು ಇಷ್ಟೇ.

ಹೋಲ್ಡರನ್ನು ಹೊರಗೆ ತೆಗೆದೆವು. ಬೆರಿಲಿಯಂ ಆದ್ದರಿಂದ ಆ ಬಿಲ್ಲೆ ಒಮ್ಮೆ ಅದರಲ್ಲಿ ಕೂತದ್ದು ಮತ್ತೆ ಇಳಿದೇ ಇರಲಿಲ್ಲ, ಕೆಲಸವಿಲ್ಲದಾಗಲೂ ನಿರ್ವಾತದ ಗೂಡಿನಲ್ಲೇ ಇರುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗಿಟ್ಟು, ಕೈಗವಸು, ಮಾಸ್ಕು ಎಲ್ಲ ತೊಟ್ಟುಕೊಂಡು, ಟೀಚರ್ ಚಿಮಟದ ತುದಿಯಿಂದ ಎಡಗಡೆಯ ಸ್ಕ್ರೂವನ್ನು ಮುಟ್ಟಿದರು. ಅದು ಗಿರಕಿ ಹೊಡೆಯಿತು.

ಆಗ ನನಗೆ ನಿಮ್ಮ ಚೀಟಿ ನೆನಪಾಯಿತು. ಏನಾಯ್ತು ಮೇಡಂ ಎಂದು ಟೀಚರ್ ಕೇಳಿದರು. ಅವರಿಗೆ ಎಲ್ಲ ಹೇಳಬೇಕಾಯಿತು.

ಮೂರು ವರ್ಷದ ಹಿಂದೆ, ಆ ಚೀಟಿಯ ವಾರ, ಅತ್ತೆಯ ಕಣ್ಣಿನ ಆಪರೇಷನ್ ಇತ್ತು. ನಾನು ಯಂತ್ರ ಬಿಟ್ಟು ಬರುವ ಹಾಗಿರಲಿಲ್ಲ, ಆದ್ದರಿಂದ ನಿಮ್ಮ ಹೆಸರಿನಲ್ಲಿ ನಾನೇ ನಾಲ್ಕು ದಿನ ರಜೆ ಹಾಕಿದ್ದೆ. ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನೀವು, "ನಿಂಗೇನು ಸ್ಕ್ರೂ ಲೂಸಾ? ನನ್ನ ರಜೆ ನೀನು ಹಾಕ್ತೀಯಾ?" ಎಂದಿರಿ. ನಿಮ್ಮ ತಾಯಿಯ ಎದುರಿಗೇ! ನಾನು ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ. ಅಲ್ಲಿಂದ ಮೂರು ದಿನ ನಾವು ಮಾತಾಡಲಿಲ್ಲ. ನಾಲ್ಕನೇ ದಿನ ನಾನು ಪ್ರಯೋಗಾಲಯಕ್ಕೆ ಬಂದರೆ ನನ್ನ ಕೋಣೆಯ ಬಾಗಿಲಿಗೆ ನಿಮ್ಮ ಅಕ್ಷರದಲ್ಲಿ ಒಂದು ಚೀಟಿ. "ಸ್ಕ್ರೂ ಲೂಸ್ ಆಗಿದೆ. ಬೇಗ ಟೈಟ್ ಮಾಡಿಸ್ಕೊಳ್ಳಿ."

ರೀ, ಯಾವ ಸ್ಕ್ರೂ ಎಂದು ಬರೆದಿದ್ದರೆ ನಿಮ್ಮ ಪೆನ್ನಿನ ಶಾಯಿ ಮುಗಿದುಹೋಗುತ್ತಿತ್ತೇ? ಹೋಲ್ಡರಿನ ಸ್ಕ್ರೂ. ಇನ್ನೊಂದೇ ಒಂದು ಪದ. ಟೀಚರಿಗೆ ಹೇಳಿದಾಗ ಅವರೂ ಅದನ್ನೇ ಅಂದರು. ಯಾವುದರ ಅನ್ನೋದನ್ನ ಬಿಟ್ಟು ಬರೆದ್ರೆ ಮಕ್ಕಳಿಗೆ ನಾನು ಅರ್ಧ ಮಾರ್ಕು ಕಳೀತಿದ್ದೆ ಮೇಡಂ, ಎಂದರು. ಆಮೇಲೆ, ಓದಿ ಅರ್ಥ ಮಾಡ್ಕೊಳ್ದೆ ಇದ್ದೋರಿಗೂ ಅರ್ಧ ಕಳೀತಿದ್ದೆ ಎಂದರು.

ನನಗಿಂತ ಮೊದಲು ಆ ಚೀಟಿಯನ್ನು ಆರು ಜನ ಓದಿದ್ದರು. ಗುಮಾಸ್ತರು ಫೈಲಿನ ಮರೆಯಲ್ಲಿ ನಗುತ್ತಿದ್ದರು. ಕಸ ಗುಡಿಸುವಾಕೆ, ಹೋಗ್ಲಿ ಬಿಡಿ ಮೇಡಂ, ಗಂಡಸರೇ ಹಂಗೆ ಎಂದು ಸಮಾಧಾನ ಹೇಳಿದಳು. ನನಗೆ ರಕ್ತ ಕುದಿಯಿತು. ಅದರ ಕೆಳಗೇ "ಗೊತ್ತಿದೆ. ನಾನೇ ನೋಡಿಕೊಳ್ಳುತ್ತೇನೆ. ನಿಮ್ಮ ಸಲಹೆ ಬೇಕಾಗಿಲ್ಲ" ಎಂದು ಬರೆದು ವರ್ಕ್‌ಶಾಪಿನ ಬಾಗಿಲಿಗೆ ಅಂಟಿಸಿ ಬಂದೆ. ನೀವದನ್ನು ಹೇಗೆ ಓದಿದಿರಿ ಎಂದು ಈಗ ಹೊಳೆಯುತ್ತಿದೆ. ಸರಿ, ಸ್ಕ್ರೂ ವಿಷಯ ಅವಳಿಗೆ ಗೊತ್ತಿದೆ, ಬಿಗಿ ಮಾಡುತ್ತಾಳೆ ಎಂದು ನೆಮ್ಮದಿಯಾಗಿ ಅತ್ತೆಯ ಆಸ್ಪತ್ರೆಗೆ ಹೊರಟುಹೋದಿರಿ. ನಾನು ನೆಮ್ಮದಿಯಾಗಿ ಹೈಡ್ರಾಕ್ಸೈಡ್ ಕಂಡುಹಿಡಿದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನಾನು ನಿರ್ದೇಶಕರಿಗೆ ದೂರು ಕೊಟ್ಟೆ. ಅವರು ನಿಮಗೆ ಮೆಮೋ ಕೊಟ್ಟರು. ನೀವು ಅದಕ್ಕೆ ಏನು ಉತ್ತರ ಬರೆದಿರೋ ನನಗೆ ತಿಳಿಯದು. ಮನೆಯಲ್ಲಂತೂ ಒಂದು ಮಾತೂ ಆಡಲಿಲ್ಲ. ತಿಂಗಳಾಗುವಷ್ಟರಲ್ಲಿ ವರ್ಗ ಮಾಡಿಸಿಕೊಂಡು, ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಹೊರಟೇ ಹೋದಿರಿ. ನನಗೆ ಸಿಟ್ಟು ಬರುವುದು ಇಲ್ಲೇ. ಬಾಯಿಬಿಟ್ಟು ಒಂದು ಸಲ ಹೇಳಬಾರದಿತ್ತೇ? ಜಗಳವಾಡಬಾರದಿತ್ತೇ? ಎದುರಿಗೆ ನಿಂತು, ಲೇ ಪೀಕಮ್ಮ, ಛೇಂಬರಿನ ಕಿಟಕಿಯಲ್ಲಿ ಇಣುಕಿ ನೋಡೇ ಎಂದು ಗದರಿಸಿದ್ದರೆ ನಾನು ನೋಡುತ್ತಿರಲಿಲ್ಲವೇ? ಗುರುವಾರದವರೆಗೆ ನನಗೆ ಇದರ ಗಂಧಗಾಳಿಯೂ ಇರಲಿಲ್ಲ. ನಿಮ್ಮ ಮೌನಕ್ಕೆ ನನ್ನ ಮೂರು ವರ್ಷ ಹೋಯಿತು, ಟೀಚರ್ ಅವರ ಎರಡು ವರ್ಷ ಹೋಯಿತು.

ಈಗ ಸೋಮವಾರದ ಮಾತು. ನಿರ್ದೇಶಕರು ಒಳ್ಳೆಯ ಮಾತಿನಲ್ಲೇ ಹೇಳಿದರು. "ನೋಡಿ, ಹೋಲ್ಡರ್ ದೋಷ ಅಂದ್ರೆ ಯಾರಿಗೂ ನೋವಾಗಲ್ಲ. ಅವ್ರೂ ಈಗ ನಮ್ಮಲ್ಲಿಲ್ಲ. ನೀವು ಮಾತ್ರ ಉಳೀತೀರಿ, ನಿಮ್ಮ ವಿಭಾಗ ಉಳಿಯುತ್ತೆ" ಎಂದರು. ಟೀಚರಿಗೆ ಇನ್ನೂ ಎರಡು ವರ್ಷದ ಅವಧಿ ಕೊಡಿಸುತ್ತಾರಂತೆ, ಆದರೆ ಅದಕ್ಕೆ ಮುಖ್ಯಸ್ಥೆಯ ಕುರ್ಚಿಯಲ್ಲಿ ನಾನೇ ಇರಬೇಕು. ನನ್ನ ಅಜಾಗರೂಕತೆ ಎಂದು ಬರೆದರೆ ವಿಚಾರಣೆಯಾಗುತ್ತದೆ, ಬೆರಿಲಿಯಂ ಕೆಲಸದ ಪರವಾನಗಿಯೇ ಹೋಗಬಹುದು. ಟೀಚರ್ ಯಾವ ಮುಖ ಹೊತ್ತುಕೊಂಡು ಮನೆಗೆ ಹೋಗಬೇಕು? ಅವರ ತಪ್ಪೇನಿದೆ ಇದರಲ್ಲಿ?

ಹೋಲ್ಡರಿನಲ್ಲಿ ದೋಷವಿರಲಿಲ್ಲ, ಅದು ನನಗೂ ಗೊತ್ತು. ನಿರ್ವಾತದಲ್ಲಿ ಎಣ್ಣೆ ಹಾಕುವ ಹಾಗಿಲ್ಲ, ಪ್ರತಿ ಸಲ ಕಾಯಿಸಿ ಆರಿಸಿದಾಗ ಎಂಥ ಸ್ಕ್ರೂವಾದರೂ ಒಂದಿಷ್ಟು ಸಡಿಲುತ್ತದೆ. "ಕಾಯಿಸಿದ ಮೇಲೆ ಸ್ಕ್ರೂ ನೋಡಿ" ಎಂದು ಹೋಲ್ಡರಿನ ಪುಸ್ತಕದ ಮೊದಲ ಪುಟದಲ್ಲೇ ನೀವು ಬರೆದಿದ್ದೀರಿ. ನಿರ್ದೇಶಕರು ಆ ಪುಸ್ತಕ ನೋಡಿಲ್ಲ, ನೋಡುವುದೂ ಇಲ್ಲ. ನಿಮಗೆ ಇದರಿಂದ ಅಲ್ಲಿ ಏನೂ ತೊಂದರೆಯಾಗಲಿಕ್ಕಿಲ್ಲ. ಹೆಸರು ಇರುವುದಿಲ್ಲ. ನಮ್ಮ ಲೇಖನ ಓದುವವರು ಪ್ರಪಂಚದಲ್ಲಿ ನೂರು ಜನ, ನಿಮ್ಮ ವರ್ಕ್‌ಶಾಪಿನಲ್ಲಿ ಯಾರೂ ಇಲ್ಲ. ಹೀಗೆಲ್ಲ ಲೆಕ್ಕ ಹಾಕುತ್ತಾ ಕೂತಿದ್ದೇನೆ ನೋಡಿ, ನನಗೇ ಅಸಹ್ಯವಾಗುತ್ತಿದೆ. ಆದರೂ ಕೇಳುತ್ತಿದ್ದೇನೆ. ಆ ಸಾಲಿಗೆ ಸಹಿ ಹಾಕಲೇ? ಇವತ್ತೇ ಕೊರಿಯರಿಗೆ ಕೊಟ್ಟರೆ ಸೋಮವಾರ ಒಂಬತ್ತಕ್ಕೆ ಈ ಕಾಗದ ನಿಮ್ಮ ಕೈಯಲ್ಲಿರುತ್ತದೆ. ಹನ್ನೊಂದರೊಳಗೆ ಫೋನ್ ಮಾಡಿ. ಹ್ಞೂಂ ಎಂದರೂ ಸಾಕು, ಹ್ಞೂಹ್ಞೂಂ ಎಂದರೂ ಸಾಕು. ದಯವಿಟ್ಟು ಯಾವುದಕ್ಕೆ ಎಂದು ಹೇಳಿ.

ಅತ್ತೆಯ ಕಣ್ಣು ಚೆನ್ನಾಗಿದೆ. ಮಗನ ಊರಿನ ಹವಾ ತನಗೆ ಒಗ್ಗುವುದಿಲ್ಲ ಎಂದು ಈಗಲೂ ಎಲ್ಲರಿಗೂ ಹೇಳುತ್ತಾರೆ. ಆ ಊರಿಗೆ ಒಂದು ಸಲವೂ ಅವರು ಹೋಗಿಲ್ಲವಲ್ಲ, ಹವಾ ಹೇಗೆ ಗೊತ್ತಾಯಿತು ಎಂದು ನಾನು ಕೇಳುವುದಿಲ್ಲ. ತಾನು ಇಲ್ಲಿದ್ದರೆ ನೀವು ನೋಡಲಿಕ್ಕಾದರೂ ಬರುತ್ತೀರಿ ಎಂದು ಅವರ ಲೆಕ್ಕ. ಕಾಗದ ಬರೆಯುತ್ತೇನೆ ಎಂದಾಗ, ನನ್ನ ಮಾತು ಏನೂ ಬರೀಬೇಡ, ನಿನ್ನ ಮಾತು ಬರಿ ಎಂದರು.

ಬರೆದೆ.

ಇಂತಿ,
ಪೀಕಮ್ಮ

ತಾ.ಕ. (ಸೋಮವಾರ, ಮಧ್ಯಾಹ್ನ): ಶನಿವಾರ ಇದನ್ನು ಕೊರಿಯರಿಗೆ ಕೊಡಲಿಲ್ಲ. ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ನೀವು ಫೋನ್ ಮಾಡಿ, "ಹಾಕ್ಕೋ, ನಂಗೇನಾಗ್ಬೇಕಿದೆ" ಎಂದೇಬಿಡುತ್ತೀರಿ ಎಂದು ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದೆ.

ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೆಮೋಗೆ ನೀವು ಕೊಟ್ಟ ಉತ್ತರವನ್ನು ನಾನು ಓದಿದ್ದೆ. ನಿರ್ದೇಶಕರು ಆಗಲೇ ನನ್ನನ್ನು ಕರೆದು ತೋರಿಸಿದ್ದರು. "ನಾನು ಬರೆದದ್ದು ಹೋಲ್ಡರಿನ ಎಡಗಡೆ ಕ್ಲಿಪ್ಪಿನ ಸ್ಕ್ರೂ ಬಗ್ಗೆ. ಕಿಟಕಿಯಲ್ಲಿ ಟಾರ್ಚ್ ಬಿಟ್ಟರೆ ಕಾಣುತ್ತದೆ." ಎರಡೇ ಸಾಲು. ಒಳ್ಳೇ ಸಮಯಕ್ಕೆ ಹುಟ್ಟಿದ ಕಥೆ ಎಂದು ನಾನು ನಕ್ಕು ವಾಪಸು ಕೊಟ್ಟೆ. ಲೇಖನ ಕಳಿಸಿ ಆಗಲೇ ನಾಲ್ಕು ದಿನವಾಗಿತ್ತು. ಬಿಲ್ಲೆ ಇನ್ನೂ ಛೇಂಬರಿನೊಳಗೇ ಇತ್ತು. ಅವತ್ತು ಸಂಜೆ ಟಾರ್ಚು ಹಿಡಿದು ಅಲ್ಲಿಯವರೆಗೂ ಹೋದೆ. ಕಿಟಕಿಯ ಮುಚ್ಚಳ ತೆಗೆಯದೆ ಹಿಂದಿರುಗಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಟೀಚರಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವರು ಎದ್ದುಹೋದರು.

ಹನ್ನೊಂದು ಗಂಟೆಗೆ ನಿರ್ದೇಶಕರ ಕಾಗದವನ್ನು ಪಕ್ಕಕ್ಕೆ ಸರಿಸಿ ನಾನು ಬರೆದದ್ದನ್ನು ಮುಂದಿಟ್ಟೆ. ವಿಭಾಗ ಹೋಗುತ್ತದೆಯೋ ಏನೋ. ನಾನು ಬರೆದದ್ದೇ, ಲೇಖನ ಅಚ್ಚಾಗಿದ್ದ ಪತ್ರಿಕೆಯ ವಿಳಾಸಕ್ಕೆ, ಇವತ್ತು ಅಂಚೆಗೆ ಹೋಗಿದೆ. ನಿಮಗೆ ಸಂಬಂಧಪಟ್ಟ ಸಾಲು ಇದು: "ಹೋಲ್ಡರ್‌ನ ಎಡಗಡೆಯ ಸ್ಕ್ರೂ ಸಡಿಲವಾಗಿದೆಯೆಂದು ಅದನ್ನು ತಯಾರಿಸಿದ ಮೆಕ್ಯಾನಿಕ್ ಎರಡು ಸಲ ಲಿಖಿತವಾಗಿ ತಿಳಿಸಿದ್ದರು. ಮೊದಲ ಲೇಖಕಿ ಎರಡನ್ನೂ ಓದಿದ್ದಾರೆ."